ಮಾತೀಸ್ ಶಾಲೆಯನ್ನು ಕಟ್ಟಿದ್ದು ಪರದೇಶದ ಶಿಷ್ಯರು

ಪ್ರಶ್ನೆ: ನಮ್ಮ ಕೆ.ಕೆ. ಹೆಬ್ಬಾರರು ಪ್ಯಾರಿಸ್‌ನ ಒಂದು ಖಾಸಗಿ ಅಕಾಡೆಮಿಯಲ್ಲಿ ಕಲಿತರು ಎಂದು ಓದಿದೆ. ಹೊರದೇಶದಿಂದ ಬಂದ ಕಲಾವಿದರು ಕಲಿಯುವ ಇಂಥ ಖಾಸಗಿ ಶಾಲೆಗಳು ಅಲ್ಲಿ ಬಹಳ ಇದ್ದವಂತೆ. ಫ್ರೆಂಚ್ ಚಿತ್ರಕಾರ ಹೆನ್ರಿ ಮಾತೀಸ್ ಕೂಡ ಒಂದು ಸಣ್ಣ ಶಾಲೆ ನಡೆಸಿ ಮೂರೇ ವರ್ಷಕ್ಕೆ ಬಿಟ್ಟರಂತೆ. ಯಾಕೆ ತೆರೆದರು? ಏನು ಕಲಿಸಿದರು? ಯಾಕೆ ಮುಚ್ಚಿದರು? ಅಲ್ಲಿ ಕಲಿತವರು ಮುಂದೆ ಏನಾದರು?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದದ್ದಕ್ಕೂ ದಾರಿ ಸಿಗುತ್ತದೆ. ಮಾತೀಸ್ ಶಾಲೆ ತೆರೆದರು ಅನ್ನುವುದಕ್ಕಿಂತ, ಶಿಷ್ಯರು ಅವರಿಂದ ಶಾಲೆ ತೆರೆಸಿದರು ಅನ್ನುವುದೇ ಸರಿ. ಆ ಶಿಷ್ಯರಲ್ಲಿ ಫ್ರೆಂಚರು ಬೆರಳೆಣಿಕೆಯಷ್ಟು. ಮಿಕ್ಕವರೆಲ್ಲ ಜರ್ಮನಿ, ಅಮೆರಿಕ, ಸ್ವೀಡನ್, ನಾರ್ವೆ, ಹಂಗೇರಿ, ರಷ್ಯಾ ಕಡೆಯವರು. ಜಾಗ ಹುಡುಕಿದ್ದು, ಲೆಕ್ಕ ನೋಡಿಕೊಂಡದ್ದು, ಮಾಡೆಲ್‌ಗಳಿಗೆ ದುಡ್ಡು ಹೊಂದಿಸಿದ್ದು ಎಲ್ಲ ಅವರೇ. ಮೇಷ್ಟ್ರು ಬಂದು ಪಾಠ ಹೇಳಿದರು. ಪಾಠ ಹೇಳಿದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಪ್ಯಾರಿಸ್‌ನಲ್ಲಿ ಖಾಸಗಿ ಶಾಲೆಗಳು ಯಾಕೆ ಹುಟ್ಟಿಕೊಂಡವು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಸರ್ಕಾರದ ದೊಡ್ಡ ಕಲಾಶಾಲೆ ಎಕೋಲ್ ದೆ ಬೋಜಾರ್. ಅದಕ್ಕೆ ಸೇರಬೇಕಾದರೆ ಪ್ರವೇಶ ಪರೀಕ್ಷೆ ಬರೆಯಬೇಕು, ಫ್ರೆಂಚ್ ಚೆನ್ನಾಗಿ ಬರಬೇಕು, ವಯಸ್ಸಿನ ಮಿತಿಯೊಳಗೆ ಇರಬೇಕು. 1897ರವರೆಗೆ ಹೆಂಗಸರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಓಸ್ಲೋದಿಂದಲೋ ನ್ಯೂಯಾರ್ಕಿನಿಂದಲೋ ಬಂದ ಹುಡುಗ ಹುಡುಗಿಯರು ಏನು ಮಾಡಬೇಕು? ಅಂಥವರಿಗಾಗಿ 1868ರಲ್ಲಿ ರೊಡೋಲ್ಫ್ ಜೂಲಿಯನ್ ಎಂಬವರು ಅಕಾಡೆಮಿ ಜೂಲಿಯನ್ ಶುರು ಮಾಡಿದರು. ದುಡ್ಡು ಕಟ್ಟಿದರೆ ಯಾರು ಬೇಕಾದರೂ ಸೇರಬಹುದಿತ್ತು. ಹೆಂಗಸರನ್ನೂ ಸೇರಿಸಿಕೊಂಡರು, ಆದರೆ ಅವರ ಹತ್ತಿರ ಜಾಸ್ತಿ ಶುಲ್ಕ ವಸೂಲಿ ಮಾಡಿದರು. ಆಮೇಲೆ ಕೊಲರೋಸಿ, 1904ರಲ್ಲಿ ಗ್ರಾಂದ್ ಶೋಮಿಯೇರ್, ಹೀಗೆ ಮೊಂಪಾರ್ನಾಸ್ ಬಡಾವಣೆಯ ಬೀದಿಬೀದಿಯಲ್ಲೂ ಶಾಲೆಗಳಾದವು. ಅಮೃತಾ ಶೇರ್‌ಗಿಲ್ ಪ್ಯಾರಿಸ್‌ಗೆ ಹೋದಾಗ ಮೊದಲು ಸೇರಿದ್ದು ಗ್ರಾಂದ್ ಶೋಮಿಯೇರ್‌ಗೆ. ನೀವು ಹೇಳಿದ ಹೆಬ್ಬಾರರು 1949–50ರಲ್ಲಿ ಕಲಿತದ್ದು ಅದೇ ಜೂಲಿಯನ್‌ನಲ್ಲಿ. 1891ರಲ್ಲಿ ಮಾತೀಸ್ ಕೂಡ ಜೂಲಿಯನ್‌ಗೆ ಸೇರಿದ್ದರು! ಅಲ್ಲಿನ ಬೂಗ್ರೋ ಮೇಷ್ಟ್ರ ನಯವಾದ, ನುಣುಪಾದ ರೀತಿ ಅವರಿಗೆ ಹಿಡಿಸಲಿಲ್ಲ. ಬಿಟ್ಟು ಗುಸ್ತಾವ್ ಮೊರೊ ಹತ್ತಿರ ಹೋದರು. ಮೊರೊ ಶಿಷ್ಯರನ್ನು ಲೂವ್ರ್ ಮ್ಯೂಸಿಯಂಗೆ ಕಳಿಸಿ ಹಳೆಯ ಚಿತ್ರಗಳನ್ನು ನಕಲು ಮಾಡಿಸುತ್ತಿದ್ದರು. ಜೊತೆಗೆ, ನಿಮಗೆ ನಿಮ್ಮದೇ ಆದ ದಾರಿ ಇರಲಿ ಎಂದೂ ಹೇಳುತ್ತಿದ್ದರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ 1905ಕ್ಕೆ ಬರೋಣ. ಆ ವರ್ಷದ ಶರತ್ಕಾಲದ ಪ್ರದರ್ಶನದಲ್ಲಿ ಮಾತೀಸ್ ಮತ್ತು ಗೆಳೆಯರ ಚಿತ್ರಗಳನ್ನು ನೋಡಿ ಜನ ಬೆಚ್ಚಿಬಿದ್ದರು. ಮುಖಕ್ಕೆ ಹಸಿರು, ಮೂಗಿಗೆ ಹಳದಿ. ಪತ್ರಿಕೆಯವರು ಇವರನ್ನು ‘ಫೋವ್’, ಅಂದರೆ ಕಾಡುಮೃಗಗಳು ಎಂದು ಕರೆದರು. ಆ ಪ್ರದರ್ಶನದಲ್ಲಿ ಎಲ್ಲರೂ ನಕ್ಕ ‘ಟೋಪಿ ತೊಟ್ಟ ಹೆಂಗಸು’ ಚಿತ್ರವನ್ನು 500 ಫ್ರಾಂಕ್ ಕೊಟ್ಟು ಕೊಂಡದ್ದು ಅಮೆರಿಕದಿಂದ ಬಂದು ಪ್ಯಾರಿಸ್‌ನಲ್ಲಿ ನೆಲೆಸಿದ್ದ ಸ್ಟೈನ್ ಕುಟುಂಬ. ಈ ಮನೆಯಲ್ಲಿ ಲೇಖಕಿ ಗರ್ಟ್ರೂಡ್ ಸ್ಟೈನ್ ಹೆಸರು ಎಲ್ಲರಿಗೂ ಗೊತ್ತು. ಮಾತೀಸ್ ಮಟ್ಟಿಗೆ ಮುಖ್ಯರಾದವರು ಬೇರೆಯವರು: ಗರ್ಟ್ರೂಡ್‌ರ ಅಣ್ಣ ಮೈಕೆಲ್, ಅತ್ತಿಗೆ ಸಾರಾ. ಮದಾಮ್ ಬೀದಿಯ ಅವರ ಮನೆಗೋಡೆಗಳ ತುಂಬ ಮಾತೀಸ್ ಚಿತ್ರಗಳು. ಶನಿವಾರ ಸಂಜೆ ಬಾಗಿಲು ತೆರೆದಿರುತ್ತಿತ್ತು, ಚಿತ್ರ ನೋಡಲು ಯಾರು ಬೇಕಾದರೂ ಹೋಗಬಹುದಿತ್ತು. ಪ್ಯಾರಿಸ್‌ಗೆ ಬಂದ ಎಷ್ಟೋ ಪರದೇಶದ ಹುಡುಗರು ಮಾತೀಸ್ ಚಿತ್ರವನ್ನು ಮೊದಲು ಕಂಡದ್ದು ಆ ಮನೆಯಲ್ಲೇ.

ಸಾರಾ ಸುಮ್ನೆ ಚಿತ್ರ ಕೊಳ್ಳುವ ಹೆಂಗಸಾಗಿರಲಿಲ್ಲ, ತಾವೂ ಬರೆಯುತ್ತಿದ್ದರು. ತಮ್ಮ ಕೆಲಸವನ್ನು ಮಾತೀಸ್‌ಗೆ ತೋರಿಸಿ ತಿದ್ದಿಸಿಕೊಳ್ಳುತ್ತಿದ್ದರು. ಹಾಗೆಯೇ ತೋರಿಸುತ್ತಿದ್ದ ಇನ್ನೊಬ್ಬರು ಜರ್ಮನಿಯ ಹಾನ್ಸ್ ಪುರ್ಮಾನ್. ಅಮೆರಿಕದ ಪ್ಯಾಟ್ರಿಕ್ ಹೆನ್ರಿ ಬ್ರೂಸ್, ಮ್ಯಾಕ್ಸ್ ವೆಬರ್, ಜರ್ಮನಿಯ ಆಸ್ಕರ್ ಮೋಲ್, ಗ್ರೇಟಾ ಮೋಲ್ ದಂಪತಿ, ಸ್ವೀಡನ್ನಿನ ಕಾರ್ಲ್ ಪಾಲ್ಮೆ ಸೇರಿಕೊಂಡರು. ಒಬ್ಬೊಬ್ಬರೇ ಹೋಗಿ ಕೇಳುವ ಬದಲು ಒಂದು ತರಗತಿಯನ್ನೇ ಮಾಡಿದರೆ ಹೇಗೆ ಎಂಬ ಮಾತು ಬಂತು. ಸ್ಟೈನ್ ದಂಪತಿ ಬೆನ್ನಿಗೆ ನಿಂತರು. 1908ರ ಜನವರಿಯಲ್ಲಿ ಶಾಲೆ ಶುರುವಾಯಿತು. ಆಗ ಮಾತೀಸ್‌ಗೆ 38 ವರ್ಷ.

ಜಾಗದ ಕಥೆಯೂ ಹೇಳಲೇಬೇಕು. ಆ ವರ್ಷಗಳಲ್ಲಿ ಫ್ರಾನ್ಸ್ ಸರ್ಕಾರ ಧಾರ್ಮಿಕ ಸಂಘಗಳು ಶಾಲೆ ನಡೆಸಬಾರದು ಎಂದು ಕಾನೂನು ಮಾಡಿತ್ತು. ಸನ್ಯಾಸಿನಿಯರು ತಮ್ಮ ಮಠಗಳನ್ನು ಬಿಟ್ಟು ಹೋಗಿದ್ದರು. ದೊಡ್ಡದೊಡ್ಡ ಕಟ್ಟಡಗಳು ಖಾಲಿ. ಮುಂದೆ ಏನು ಮಾಡುವುದು ಎಂದು ತೀರ್ಮಾನ ಆಗುವವರೆಗೆ ಕಡಿಮೆ ಬಾಡಿಗೆಗೆ ಕೋಣೆಗಳು ಸಿಗುತ್ತಿದ್ದವು. ಮಾತೀಸ್ ಕೆಲಸ ಮಾಡುತ್ತಿದ್ದುದು ಸೇವ್ರ್ ಬೀದಿಯ ‘ಕುವಾಂ ದೆಜ್ವಾಜೊ’ ಎಂಬ ಅಂಥದೇ ಮಠದಲ್ಲಿ. ಶಾಲೆಯ ಮೊದಲ ಕೋಣೆಯೂ ಅಲ್ಲೇ. ಕೆಲವೇ ತಿಂಗಳಲ್ಲಿ ಅದನ್ನು ತೆರವು ಮಾಡಬೇಕಾಯಿತು. ಆಗ ಮಾತೀಸ್ ಸಂಸಾರ ಸಮೇತ ಬುಲೆವಾರ್ ದೆಜ್ ಎಂವಾಲಿಡ್‌ನ ಒತೆಲ್ ಬಿರೋನ್ ಆವರಣಕ್ಕೆ ಹೋದರು, ಶಾಲೆಯೂ ಹಿಂದೆಯೇ ಹೋಯಿತು. ಅದೇ ಆವರಣದಲ್ಲಿ ಕವಿ ರಿಲ್ಕೆ ಇದ್ದರು. ರಿಲ್ಕೆ ಹೇಳಿ ಶಿಲ್ಪಿ ರೊದಾನ್ ಬಂದರು. ಇವತ್ತಿನ ರೊದಾನ್ ಮ್ಯೂಸಿಯಂ ಅದೇ ಜಾಗ.

ಒಳಗಿನ ವ್ಯವಸ್ಥೆ ಪ್ಯಾರಿಸ್‌ನ ಯಾವುದೇ ಖಾಸಗಿ ಶಾಲೆಯಂತೆಯೇ ಇತ್ತು. ವಿದ್ಯಾರ್ಥಿಗಳಲ್ಲೇ ಒಬ್ಬರು ‘ಮಾಸಿಯೇ’. ನಮ್ಮ ಕಡೆಯ ತರಗತಿ ಲೀಡರ್, ಖಜಾಂಚಿ ಎರಡೂ ಒಂದೇ ಆಸಾಮಿ ಅಂದುಕೊಳ್ಳಿ. ಎಲ್ಲರಿಂದ ಪಾಲಿನ ದುಡ್ಡು ಎತ್ತುವುದು, ಮಾಡೆಲ್ ಗೊತ್ತು ಮಾಡುವುದು, ಚಳಿಗಾಲದಲ್ಲಿ ಒಲೆಗೆ ಕಲ್ಲಿದ್ದಲು ತರಿಸುವುದು ಅವರ ಕೆಲಸ. ಬಟ್ಟೆಯಿಲ್ಲದೆ ನಿಲ್ಲುವ ಮಾಡೆಲ್‌ಗೆ ಒಲೆ ಆರಿದರೆ ನಡುಕ ಬರುತ್ತದೆ, ಆದ್ದರಿಂದ ಆ ಒಲೆ ಸಣ್ಣ ವಿಷಯ ಆಗಿರಲಿಲ್ಲ. ಇಲ್ಲಿ ಈ ಉಸ್ತುವಾರಿಯನ್ನು ಪಾಲ್ಮೆ ಮತ್ತು ಪುರ್ಮಾನ್ ನೋಡಿಕೊಂಡರು. ಪಾಠ ಚಿತ್ರಕ್ಕೆ ಮಾತ್ರ ಸೀಮಿತ ಆಗಿರಲಿಲ್ಲ, ಜೇಡಿಮಣ್ಣಿನಲ್ಲಿ ಶಿಲ್ಪವನ್ನೂ ಮಾಡಿಸುತ್ತಿದ್ದರು.

ಇನ್ನು ಪಾಠ. ಇಲ್ಲೇ ಬಹಳ ಜನ ತಪ್ಪು ತಿಳಿಯುತ್ತಾರೆ. ಕಾಡುಮೃಗಗಳ ನಾಯಕನ ಶಾಲೆ, ಹಾಗಾಗಿ ಅಲ್ಲಿ ಬಣ್ಣ ಎರಚುವುದನ್ನು ಹೇಳಿಕೊಟ್ಟಿರುತ್ತಾರೆ ಎಂದುಕೊಳ್ಳುತ್ತಾರೆ. ಸೇರಿದ ಹುಡುಗರೂ ಹಾಗೇ ಅಂದುಕೊಂಡಿದ್ದರು. ಮಾತೀಸ್ ಮೊದಲ ಸಲ ತರಗತಿಗೆ ಬಂದಾಗ ಒಂದೊಂದು ಕ್ಯಾನ್ವಾಸ್ ಮೇಲೂ ಮಾಡೆಲ್‌ನ ಗುರುತೇ ಸಿಗದಷ್ಟು ಕೆಂಪು, ಹಸಿರು, ನೀಲಿ. ಮೇಷ್ಟ್ರು ಮೆಚ್ಚುತ್ತಾರೆ ಎಂದು ಹುಡುಗರು ಕಾದಿದ್ದರು. ಅವರು ಒಂದು ಸುತ್ತು ನೋಡಿದರು, ತಮ್ಮ ಕೋಣೆಗೆ ಹೋಗಿ ಹಳೆಯ ಗ್ರೀಕ್ ರೀತಿಯ ತಲೆಯ ಪ್ಲಾಸ್ಟರ್ ಅಚ್ಚೊಂದನ್ನು ಹೊತ್ತು ತಂದು ನಡುವೆ ಇಟ್ಟರು. ಕ್ಯಾನ್ವಾಸುಗಳನ್ನು ಗೋಡೆಗೆ ಮುಖ ಮಾಡಿಸಿದರು. ಈಗ ಇದನ್ನು ಬರೆಯಿರಿ ಎಂದರು. ಇದನ್ನು ಮುಂದೆ ಮಾತೀಸ್ ಅವರೇ ಹೇಳಿಕೊಂಡಿದ್ದಾರೆ. ಕನ್ನಡಕ, ಅಚ್ಚುಕಟ್ಟಾಗಿ ಕತ್ತರಿಸಿದ ಗಡ್ಡ, ಇಸ್ತ್ರಿ ಮಾಡಿದ ಕೋಟು. ಆ ಮನುಷ್ಯ ನೋಡುವುದಕ್ಕೇ ಕಾಲೇಜು ಪ್ರೊಫೆಸರ್ ಥರ ಇದ್ದರು. ಪಾಠವೂ ಹಾಗೇ ಇತ್ತು.

ಆ ಪಾಠದ ವಿವರ ನಮಗೆ ಗೊತ್ತಾಗಿರುವುದು ಸಾರಾ ಸ್ಟೈನ್‌ರಿಂದ. 1908ರಲ್ಲಿ ಮೇಷ್ಟ್ರು ಹೇಳಿದ್ದನ್ನು ಅವರು ಬರೆದಿಟ್ಟುಕೊಂಡರು. ಆ ಟಿಪ್ಪಣಿ 1951ರಲ್ಲಿ ಅಚ್ಚಾಯಿತು. ಚಿತ್ರ ಕಲಿಯುವ ಯಾರಿಗಾದರೂ ಅದನ್ನು ಓದಿ ಎಂದು ನಾನು ಒತ್ತಾಯ ಮಾಡುತ್ತೇನೆ. ಅಷ್ಟು ಕೆಲಸಕ್ಕೆ ಬರುವ ಮಾತುಗಳು ಅದರಲ್ಲಿವೆ. ಕೆಲವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಮಾಡೆಲ್ ನಿಂತ ಭಂಗಿ ಅರ್ಥ ಆಗಬೇಕಾದರೆ ನೀನೂ ಹಾಗೇ ನಿಂತು ನೋಡು. ನಿನ್ನ ಮೈಯಲ್ಲಿ ಎಲ್ಲಿ ಬಿಗಿತ ಬರುತ್ತದೋ ಆ ಭಂಗಿಯ ಕೀಲು ಅಲ್ಲಿದೆ. ಇದನ್ನು ನೀವೇ ಮಾಡಿ ನೋಡಿ. ಒಂದು ಕಾಲಿನ ಮೇಲೆ ಭಾರ ಹಾಕಿ, ಕೈಯನ್ನು ಸೊಂಟಕ್ಕೆ ಕೊಟ್ಟು ಸ್ವಲ್ಪ ಹೊತ್ತು ನಿಂತುಕೊಳ್ಳಿ. ಭಾರ ಬಿದ್ದ ಕಡೆಯ ಸೊಂಟ ಮೇಲೆದ್ದಿರುತ್ತದೆ, ಅದೇ ಕಡೆಯ ಭುಜ ಇಳಿದಿರುತ್ತದೆ. ಕಾಲಿನ ಹಿಂಭಾಗ ನೋಯಲು ಶುರುವಾಗುತ್ತದೆ. ಬರೆಯುವಾಗ ಕಣ್ಣು ತಪ್ಪಿಸಿಕೊಂಡದ್ದನ್ನು ಆ ನೋವು ಹೇಳಿಕೊಡುತ್ತದೆ.

ಇನ್ನೊಂದು ತೂಗುಗುಂಡಿನ ವಿಷಯ. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯಾ ಎಂದು ನೋಡಲು ದಾರಕ್ಕೆ ಗುಂಡು ಕಟ್ಟಿ ಇಳಿಬಿಡುತ್ತಾರಲ್ಲ, ಅದೇ. ಅದನ್ನು ಯಾವಾಗಲೂ ಬಳಸಿ ಎನ್ನುತ್ತಿದ್ದರು. ಕತ್ತಿನ ಗುಳಿಯಿಂದ ನೇರ ಕೆಳಗೆ ದಾರ ಬಿಟ್ಟರೆ ಅದು ಯಾವ ಪಾದದ ಮೇಲೆ ಬೀಳುತ್ತದೆ? ಅದು ತಿಳಿದರೆ ಬರೆದ ಆಕೃತಿ ನಿಂತುಕೊಳ್ಳುತ್ತದೆ, ಇಲ್ಲದಿದ್ದರೆ ವಾಲುತ್ತದೆ. ಕ್ಯಾನ್ವಾಸಿನ ನಾಲ್ಕು ಅಂಚುಗಳೂ ಗೆರೆಗಳೇ, ಅವು ನಿನ್ನ ಆಕೃತಿಯ ಗೆರೆಯ ಮೇಲೆ ಪರಿಣಾಮ ಮಾಡುತ್ತವೆ, ಮರೆಯಬೇಡ ಎಂದೂ ಹೇಳುತ್ತಿದ್ದರು. ದೇಹವನ್ನು ಬಡಗಿ ಮನೆ ಕಟ್ಟುವ ಹಾಗೆ ಭಾಗಕ್ಕೆ ಭಾಗ ಕೂಡಿಸಿ ಕಟ್ಟಿ ಅನ್ನುವುದು ಅವರ ಇನ್ನೊಂದು ಮಾತು. ಬಣ್ಣಕ್ಕೂ ಇದೇ ಲೆಕ್ಕ. ಒಂದು ಬಣ್ಣ ಪಕ್ಕದ ಬಣ್ಣದ ಜೊತೆ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದೇ ಮುಖ್ಯ. ಹೂಜಿ, ಹಣ್ಣುಗಳನ್ನು ಕಂಡ ಹಾಗೆ ನಕಲು ಮಾಡುವುದರಲ್ಲಿ ಏನೂ ಇಲ್ಲ, ಅವು ನಿನ್ನಲ್ಲಿ ಎಬ್ಬಿಸಿದ ಭಾವ ಬರಬೇಕು. ಮೊದಲು ನೆಲದ ಮೇಲೆ ಗಟ್ಟಿಯಾಗಿ ನಡೆಯುವುದನ್ನು ಕಲಿ, ಹಗ್ಗದ ಮೇಲೆ ನಡೆಯುವುದು ಆಮೇಲೆ.

ನಡುನಡುವೆ ಶಿಷ್ಯರಿಗೆ ತಮ್ಮ ಹತ್ತಿರ ಇದ್ದ, ಹಿರಿಯ ಫ್ರೆಂಚ್ ಚಿತ್ರಕಾರ ಸೆಜಾನ್‌ರ ‘ಮೂವರು ಸ್ನಾನ ಮಾಡುವವರು’ ಚಿತ್ರ ತೋರಿಸುತ್ತಿದ್ದರು. 1899ರಲ್ಲಿ ಕೈಯಲ್ಲಿ ಕಾಸಿಲ್ಲದಾಗ, ಹೆಂಡತಿಯ ಉಂಗುರ ಒತ್ತೆ ಇಟ್ಟು ಕೊಂಡ ಚಿತ್ರ ಅದು. ಆಫ್ರಿಕಾದ ಮರದ ಶಿಲ್ಪಗಳನ್ನೂ ತೋರಿಸುತ್ತಿದ್ದರು. ಗ್ರೀಕ್ ತಲೆ, ಸೆಜಾನ್, ಆಫ್ರಿಕಾದ ಶಿಲ್ಪ ಮೂರೂ ಒಂದೇ ಪಾಠದಲ್ಲಿ! 1908ರಲ್ಲಿ ಅದು ಬೇರೆಲ್ಲೂ ಸಿಗುವಂಥದ್ದಲ್ಲ. ಮೊರೊ ಮೇಷ್ಟ್ರು ಲೂವ್ರ್‌ಗೆ ಕಳಿಸುತ್ತಿದ್ದರು ಎಂದೆನಲ್ಲ, ಅದು ಇಲ್ಲಿ ಕೆಲಸ ಮಾಡುತ್ತಿತ್ತು. ಹಳೆಯದನ್ನು ಕಲಿ, ಆಮೇಲೆ ನಿನ್ನದನ್ನು ಮಾಡು.

ಇದನ್ನು ಅವರು ಬರೀ ಬಾಯಿಮಾತಿಗೆ ಹೇಳಿದವರಲ್ಲ. ಅದೇ ವರ್ಷ ಗ್ರೇಟಾ ಮೋಲ್‌ರ ಚಿತ್ರ ಬರೆದರು. ಒಂದು ಸಲಕ್ಕೆ ಮೂರು ಗಂಟೆಯಂತೆ ಹತ್ತು ಸಲ ಆಕೆ ಕೂತಿದ್ದರು. ಆದರೂ ಮಾತೀಸ್‌ಗೆ ಸಮಾಧಾನ ಆಗಲಿಲ್ಲ. ಲೂವ್ರ್‌ಗೆ ಹೋಗಿ 16ನೇ ಶತಮಾನದ ವೆರೊನೀಸ್ ಬರೆದ ಒಂದು ಚಿತ್ರ ನೋಡಿ ಬಂದು ತೋಳುಗಳನ್ನು ದಪ್ಪ ಮಾಡಿ ಮತ್ತೆ ಬರೆದರು. ಶಿಷ್ಯೆ ಕಣ್ಣೆದುರೇ ಮೇಷ್ಟ್ರು ತನ್ನ ಕೆಲಸವನ್ನು ಕೆಡವಿ ಕಟ್ಟುವುದನ್ನು ನೋಡಿದರಲ್ಲ, ಅದಕ್ಕಿಂತ ದೊಡ್ಡ ಪಾಠ ಯಾವ ಶಾಲೆಯಲ್ಲಿ ಸಿಗುತ್ತದೆ? ಆ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ.

ಶುರುವಿನಲ್ಲಿ ಹತ್ತು ಹನ್ನೆರಡು ಜನ ಇದ್ದ ಶಾಲೆಗೆ ಬೇಗನೆ ಜನ ಕೂಡಿದರು. ಸ್ವೀಡನ್‌ನಿಂದ ಬಂದವರದ್ದಂತೂ ಒಂದು ದಂಡು. ಸ್ಟಾಕ್‌ಹೋಮ್‌ನ ಕಲಾವಿದರ ಸಂಘದ ಶಾಲೆ 1908ರಲ್ಲಿ ಮುಚ್ಚಿತ್ತು. ಅಲ್ಲಿ ಕಲಿಯುತ್ತಿದ್ದ ಐಸಾಕ್ ಗ್ರುನೆವಾಲ್ಡ್, ಐನಾರ್ ಯೊಲಿನ್, ಲಿಯಾಂಡರ್ ಎಂಗ್‌ಸ್ಟ್ರಮ್ ಒಬ್ಬರ ಹಿಂದೆ ಒಬ್ಬರು ಪ್ಯಾರಿಸ್ ಸೇರಿದರು. ಜವಳಿ ಕಲೆ ಕಲಿತಿದ್ದ ಸಿಗ್ರಿಡ್ ಯೆರ್ಟೆನ್‌ಗೆ ನೀನು ಚಿತ್ರ ಬರೆಯಬೇಕು, ಪ್ಯಾರಿಸ್‌ಗೆ ಬಾ ಎಂದದ್ದು ಗ್ರುನೆವಾಲ್ಡ್. ಆಕೆಯ ಬಣ್ಣದ ಅರಿವನ್ನು ಮಾತೀಸ್ ಬಹಳ ಮೆಚ್ಚಿಕೊಂಡರು. ನಾರ್ವೆಯಿಂದ ಜೀನ್ ಹೈಬರ್ಗ್, ಹೆನ್ರಿಕ್ ಸೊರೆನ್ಸೆನ್, ಆಕ್ಸೆಲ್ ರೆವೊಲ್ಡ್, ಪೆರ್ ಕ್ರೋಗ್. ಐಸ್‌ಲ್ಯಾಂಡ್‌ನಿಂದ ಯೋನ್ ಸ್ಟೆಫಾನ್ಸನ್. ಜರ್ಮನರಲ್ಲಿ ರುಡಾಲ್ಫ್ ಲೆವಿ, ಗ್ರೆಟ್ಶೆನ್ ವೋಲ್ವಿಲ್, ಫ್ರಾಂಜ್ ನೋಲ್ಕೆನ್. ಹಂಗೇರಿಯಿಂದ ಪೆರ್ಲ್ರೋಟ್ ಚಾಬಾ. ರಷ್ಯಾದ ಓಲ್ಗಾ ಮೇರ್ಸನ್. ಮುಚ್ಚುವ ಹೊತ್ತಿಗೆ ಬಂದು ಹೋದವರ ಸಂಖ್ಯೆ ನೂರು ದಾಟಿತ್ತು. ಜರ್ಮನರು ಸಂಜೆ ಸೇರುತ್ತಿದ್ದ ಜಾಗ ಕಾಫೆ ದ್ಯು ದೋಮ್. ಮೇಷ್ಟ್ರು ಹೇಳಿದ್ದರ ಬಗ್ಗೆ ಚರ್ಚೆ ಅಲ್ಲಿ ನಡೆಯುತ್ತಿತ್ತು. ಭಾಷೆ ಬಾರದ ಊರಲ್ಲಿ ಇಂಥ ಜೊತೆ ಸಿಕ್ಕುವುದು ಎಷ್ಟು ಮುಖ್ಯ ಅನ್ನುವುದು ಮನೆ ಬಿಟ್ಟು ದೂರ ಓದಿದವರಿಗೆ ಗೊತ್ತು ಅಲ್ವಾ?

ಪ್ಯಾರಿಸ್‌ನವರು ಮಾತ್ರ ಇದನ್ನು ಹಗುರವಾಗಿ ಕಂಡರು. ಮಾತೀಸ್‌ರಿಂದ ದೂರ ಇರಿ, ಅವರು ಹುಚ್ಚು ಹಿಡಿಸುತ್ತಾರೆ ಎಂದು ಮೊಂಪಾರ್ನಾಸ್ ಗೋಡೆಗಳ ಮೇಲೆ ಬರಹಗಳು ಬಂದವು. ಶಾಲೆಯೊಳಗೆ ತೂಗುಗುಂಡು ಹಿಡಿದು ಅಳತೆ ನೋಡುತ್ತಿದ್ದ ಶಿಷ್ಯರಿಗೆ ಇದನ್ನು ಓದಿ ಎಷ್ಟು ಬೇಸರ ಆಗಿರಬೇಡ. ಇಂಥ ತಪ್ಪು ಕಲ್ಪನೆಗೆ ಉತ್ತರವೋ ಎಂಬಂತೆ 1908ರ ಡಿಸೆಂಬರ್‌ನಲ್ಲಿ ಮಾತೀಸ್ ‘ಲಾ ಗ್ರಾಂದ್ ರೆವ್ಯು’ ಪತ್ರಿಕೆಯಲ್ಲಿ ‘ಚಿತ್ರಕಾರನೊಬ್ಬನ ಟಿಪ್ಪಣಿಗಳು’ ಎಂಬ ಲೇಖನ ಬರೆದರು. ತರಗತಿಯಲ್ಲಿ ಹೇಳುತ್ತಿದ್ದ ಎಷ್ಟೋ ವಿಚಾರ ಅದರಲ್ಲಿವೆ. ನನ್ನ ನಂಬಿಕೆ ಏನೆಂದರೆ, ಹುಡುಗರಿಗೆ ಬಿಡಿಸಿ ಹೇಳಬೇಕಾದ ಅನಿವಾರ್ಯ ಇರದಿದ್ದರೆ ಆ ಲೇಖನ ಅಷ್ಟು ತಿಳಿಯಾಗಿ ಬರುತ್ತಿರಲಿಲ್ಲ.

ಹಾಗಾದರೆ ಯಾಕೆ ಮುಚ್ಚಿತು? ಜಗಳ ಆಗಲಿಲ್ಲ, ಸಾಲ ಆಗಲಿಲ್ಲ. ಮಾತೀಸ್‌ಗೆ ಎರಡೂ ಕೆಲಸ ಮಾಡಲು ಆಗಲಿಲ್ಲ, ಅಷ್ಟೇ. 1909ರಲ್ಲಿ ಮೂರು ಸಂಗತಿಗಳು ಒಟ್ಟಿಗೆ ಆದವು. ರಷ್ಯಾದ ಜವಳಿ ವ್ಯಾಪಾರಿ ಸೆರ್ಗೈ ಶುಕಿನ್ ತಮ್ಮ ಮಾಸ್ಕೋ ಮನೆಯ ಮೆಟ್ಟಿಲಿಗೆ ‘ನೃತ್ಯ’, ‘ಸಂಗೀತ’ ಎಂಬ ಎರಡು ಭಾರೀ ಚಿತ್ರಗಳನ್ನು ಬರೆಸಿದರು. ಬರ್ನ್‌ಹೈಮ್ ಎಂಬ ಗ್ಯಾಲರಿ ಮೂರು ವರ್ಷದ ಒಪ್ಪಂದ ಮಾಡಿಕೊಂಡಿತು. ಮಾತೀಸ್ ಪ್ಯಾರಿಸ್ ಹೊರಗಿನ ಇಸ್ಸಿ ಎಂಬಲ್ಲಿ ಮನೆ ಮಾಡಿ, ತೋಟದಲ್ಲಿ ದೊಡ್ಡ ಕೆಲಸದ ಕೋಣೆ ಕಟ್ಟಿಸಿಕೊಂಡರು. ತರಗತಿಗೆ ಬರುವುದು ಶನಿವಾರ ಮಾತ್ರ ಎಂದಾಯಿತು, ಆಮೇಲೆ ಅದೂ ಕಡಿಮೆ ಆಯಿತು. ಬಂದಾಗಲೂ ಸುಸ್ತು. ತರಗತಿ ತುಂಬ ಜನ, ಅವರಲ್ಲಿ ನಿಜವಾದ ಭರವಸೆ ಕಾಣುತ್ತಿದ್ದವರು ಒಬ್ಬಿಬ್ಬರು. ಉಳಿದವರು ಮೇಷ್ಟ್ರ ಹಾಗೆಯೇ ಬರೆಯಲು ನೋಡುತ್ತಿದ್ದರು. ಕುರಿಗಳನ್ನು ಸಿಂಹ ಮಾಡಲು ಹೋಗಿ ನನ್ನ ಶಕ್ತಿಯೆಲ್ಲ ಖರ್ಚಾಗುತ್ತಿತ್ತು ಎಂಬ ಅರ್ಥದಲ್ಲಿ ಮುಂದೆ ಹೇಳಿಕೊಂಡಿದ್ದಾರೆ. ಮೇಷ್ಟ್ರಾಗಿ ಇರಬೇಕು ಇಲ್ಲವೇ ಚಿತ್ರಕಾರನಾಗಿ ಇರಬೇಕು ಎಂದು ತೀರ್ಮಾನ ಮಾಡಿದರು. 1911ರ ಹೊತ್ತಿಗೆ ಶಾಲೆ ನಿಂತುಹೋಯಿತು. ಇಂಗ್ಲೆಂಡಿನ ಮ್ಯಾಥ್ಯೂ ಸ್ಮಿತ್ ಬಂದು ಸೇರಿದ್ದು ಮುಚ್ಚುವುದಕ್ಕೆ ಸ್ವಲ್ಪವೇ ಮುಂಚೆ. ಆ ಕೆಲವು ವಾರಗಳೇ ಅವರ ಬಣ್ಣಕ್ಕೆ ಸಾಕಾದವು.

ಕುರಿ ಸಿಂಹದ ಆ ಮಾತು ನನಗೆ ಒಪ್ಪಿಗೆ ಇಲ್ಲ. ದಣಿದವರ ಮಾತು ಅದು. ಶಿಷ್ಯರು ಮುಂದೆ ಏನು ಮಾಡಿದರು ನೋಡಿ.

ನೊಬೆಲ್ ಶಾಂತಿ ಪ್ರಶಸ್ತಿ ಕೊಡುವ ಸಮಾರಂಭವನ್ನು ಟೀವಿಯಲ್ಲಿ ನೋಡಿರುತ್ತೀರಿ. ಓಸ್ಲೋ ನಗರಸಭೆಯ ದೊಡ್ಡ ಹಾಲ್. 2014ರಲ್ಲಿ ಕೈಲಾಶ್ ಸತ್ಯಾರ್ಥಿ ಪ್ರಶಸ್ತಿ ತೆಗೆದುಕೊಂಡದ್ದೂ ಅಲ್ಲೇ. ಅಲ್ಲಿ ಗೋಡೆ ತುಂಬ ಇರುವ ಭಾರೀ ಚಿತ್ರ ಹೆನ್ರಿಕ್ ಸೊರೆನ್ಸೆನ್ ಅವರದು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಸಭೆ ತೋರಿಸುವಾಗ ಅಧ್ಯಕ್ಷರ ಹಿಂದೆ ಕಾಣುವ ಚಿತ್ರ ಪೆರ್ ಕ್ರೋಗ್ ಅವರದು. ಹಳೆಯ ಕಾಲದ ಕಪ್ಪು ಫೋನ್ ನೆನಪಿದೆಯಾ, ಮೇಲೆ ಅಗಲವಾದ ರಿಸೀವರ್, ಕೆಳಗೆ ಇಳಿಜಾರು ಮೈ? 1930ರ ದಶಕದ ಶುರುವಿನಲ್ಲಿ ಎರಿಕ್ಸನ್ ಕಂಪನಿಗೆ ಆ ಬೇಕಲೈಟ್ ಫೋನಿನ ರೂಪ ಕೊಟ್ಟವರು ಜೀನ್ ಹೈಬರ್ಗ್. ಬ್ರಿಟನ್ನಿನ ಅಂಚೆ ಇಲಾಖೆಯೂ ಸ್ವಲ್ಪ ಬದಲಿಸಿ ಅದನ್ನೇ ತೆಗೆದುಕೊಂಡಿತು. ಭಾಗಗಳನ್ನು ಒಂದಕ್ಕೊಂದು ಕೂಡಿಸಿ ಕಟ್ಟುವ ಪಾಠ ಕಲಿತ ಕೈ ಅದು. ರೆವೊಲ್ಡ್ ಮತ್ತು ಹೈಬರ್ಗ್ ಇಬ್ಬರೂ ಓಸ್ಲೋದ ಕಲಾ ಅಕಾಡೆಮಿಯಲ್ಲಿ ಪ್ರೊಫೆಸರ್ ಆದರು. ಗ್ರುನೆವಾಲ್ಡ್ 1932ರಿಂದ ಸ್ಟಾಕ್‌ಹೋಮ್‌ನ ಅಕಾಡೆಮಿಯಲ್ಲಿ ಹತ್ತು ವರ್ಷ ಪಾಠ ಮಾಡಿದರು. ಹೀಗೆ ಆ ಸಣ್ಣ ಕೋಣೆಯ ಪಾಠ ಎರಡು ದೇಶಗಳ ಮುಂದಿನ ತಲೆಮಾರುಗಳಿಗೆ ತಲುಪಿತು. ಸ್ಟೆಫಾನ್ಸನ್ ಐಸ್‌ಲ್ಯಾಂಡ್‌ನ ಆಧುನಿಕ ಚಿತ್ರಕಲೆಗೆ ಬುನಾದಿ ಹಾಕಿದವರಲ್ಲಿ ಒಬ್ಬರಾದರು. ಶಿಷ್ಯರೆಲ್ಲ ಫ್ರೆಂಚರೇ ಆಗಿದ್ದರೆ ಈ ಹರಡುವಿಕೆ ಆಗುತ್ತಿರಲಿಲ್ಲ. ಪರದೇಶದವರು ಒಂದಲ್ಲ ಒಂದು ದಿನ ಊರಿಗೆ ಮರಳಿದರು, ಕಲಿತದ್ದನ್ನು ಜೊತೆಗೆ ಒಯ್ದರು.

ಎಲ್ಲರ ಬದುಕೂ ಹೀಗೆ ಸಾಗಲಿಲ್ಲ. ನೋಲ್ಕೆನ್ 1918ರಲ್ಲಿ ಯುದ್ಧದಲ್ಲಿ ಸತ್ತರು. ಬ್ರೂಸ್ ತಮ್ಮ ಬಹುತೇಕ ಚಿತ್ರಗಳನ್ನು ತಾವೇ ನಾಶ ಮಾಡಿ, 1936ರಲ್ಲಿ ಜೀವ ಕಳೆದುಕೊಂಡರು. ಯಹೂದಿಯಾಗಿದ್ದ ರುಡಾಲ್ಫ್ ಲೆವಿ ನಾಜಿಗಳಿಂದ ತಪ್ಪಿಸಿಕೊಂಡು ಇಟಲಿಯಲ್ಲಿದ್ದರು. 1943ರ ಡಿಸೆಂಬರ್‌ನಲ್ಲಿ ಫ್ಲಾರೆನ್ಸ್‌ನಲ್ಲಿ ಅವರನ್ನು ಹಿಡಿದು ಆಶ್‌ವಿಟ್ಜ್‌ಗೆ ಸಾಗಿಸಿದರು, ಅವರು ಉಳಿಯಲಿಲ್ಲ. ವೋಲ್ವಿಲ್ ಪೋರ್ಚುಗಲ್‌ಗೆ ಹೋಗಿ ಬದುಕಿದರು, 1952ರಲ್ಲಿ ಹ್ಯಾಂಬರ್ಗ್‌ಗೆ ಮರಳಿದರು. ಸಿಗ್ರಿಡ್ ಯೆರ್ಟೆನ್ ಮಾನಸಿಕ ಕಾಯಿಲೆಯಿಂದ ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದು, ಮಿದುಳಿನ ಶಸ್ತ್ರಚಿಕಿತ್ಸೆ ಕೆಟ್ಟು 1948ರಲ್ಲಿ ತೀರಿಕೊಂಡರು. ಬದುಕಿದ್ದಾಗ ವಿಮರ್ಶಕರು ಆಕೆಯನ್ನು ಬಹಳ ಕೀಳಾಗಿ ಕಂಡರು. ಇವತ್ತು ಸ್ವೀಡನ್ನಿನ ಆಧುನಿಕ ಚಿತ್ರಕಾರರಲ್ಲಿ ಆಕೆಯ ಹೆಸರು ಮೊದಲ ಸಾಲಿನಲ್ಲಿದೆ. ನನ್ನನ್ನು ಕೇಳಿದರೆ, ಮಾತೀಸ್ ಶಿಷ್ಯರಲ್ಲಿ ಬಣ್ಣವನ್ನು ಅತಿ ಧೈರ್ಯವಾಗಿ ಬಳಸಿದವರು ಆಕೆಯೇ.

ಸಾರಾ ಮತ್ತು ಮೈಕೆಲ್ ಸ್ಟೈನ್ 1935ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಮರಳಿದರು. ಅಲ್ಲಿನ ಪಾಲೊ ಆಲ್ಟೊ ಊರಿನ ಅವರ ಮನೆಯಲ್ಲಿ ಮಾತೀಸ್ ಚಿತ್ರಗಳನ್ನು ನೋಡಿದವರಲ್ಲಿ ರಿಚರ್ಡ್ ಡೀಬೆನ್‌ಕಾರ್ನ್ ಎಂಬ ವಿದ್ಯಾರ್ಥಿಯೂ ಒಬ್ಬ. ಅವನು ಮುಂದೆ ಅಮೆರಿಕದ ದೊಡ್ಡ ಚಿತ್ರಕಾರನಾದ.

ನೀವು ಇದನ್ನು ಇನ್ನೂ ತಿಳಿಯಬೇಕೆಂದಿದ್ದರೆ ಸಾರಾ ಟಿಪ್ಪಣಿಯಿಂದ ಶುರು ಮಾಡಿ, ಆಮೇಲೆ ಮಾತೀಸ್‌ರ 1908ರ ಲೇಖನ ಓದಿ. ಎರಡೂ ಇಂಗ್ಲಿಷಿನಲ್ಲಿ ಸಿಗುತ್ತವೆ, ಎರಡೂ ಚಿಕ್ಕವು. ಓದುವಾಗ ಯೆರ್ಟೆನ್ ಮತ್ತು ಗ್ರುನೆವಾಲ್ಡ್‌ರ 1910ರ ದಶಕದ ಚಿತ್ರಗಳನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಮೇಷ್ಟ್ರು ಹೇಳಿದ್ದರಲ್ಲಿ ಶಿಷ್ಯರು ಏನನ್ನು ಇಟ್ಟುಕೊಂಡರು, ಏನನ್ನು ಬಿಟ್ಟರು ಎಂದು ನಿಮಗೇ ಕಾಣುತ್ತದೆ.